ಎತ್ತಿಸಿಕೊಳ್ಳುವವನ ಕೆಲಸ

ಕುಶಲಾ ಮಾವನ ಎರಡೂ ಕಂಕುಳಡಿ ಕೈ ತೂರಿಸಿ, ತನ್ನ ಮೊಣಕಾಲಿನಿಂದ ಅವರ ಎಡ ಮೊಣಕಾಲನ್ನು ಒತ್ತಿ ಹಿಡಿದು, "ಒಂದು, ಎರಡು, ಮೂರು" ಎಂದು ಎಣಿಸಿ ಎತ್ತಿದಳು. ಮಂಚದ ಅಂಚಿನಿಂದ ನಾಲ್ಕು ಬೆರಳಿನಷ್ಟು ಮೇಲೆ ಬಂದ ಚೆನ್ನಪ್ಪ ಹಾಗೆಯೇ ಕುಸಿದು ಕೂತರು. ಅವಳು ಸೀರೆಯ ಸೆರಗನ್ನು ಇನ್ನೊಮ್ಮೆ ಸೊಂಟಕ್ಕೆ ಬಿಗಿದಳು. ಎರಡನೆಯ ಸಲ ಹೇಗೋ ಎತ್ತಿ, ಅರ್ಧ ಸುತ್ತು ತಿರುಗಿಸಿ, ಗಾಲಿಕುರ್ಚಿಗೆ ಇಳಿಸುವಾಗ ಸೊಂಟದಲ್ಲಿ ಏನೋ ಚಳಕ್ಕೆಂದಿತು.

"ನೋವಾಯ್ತಾ ಮಾವ?"

"ಇಲ್ಲ."

ಮೂರು ವಾರದಿಂದ ಅವರ ಊಟ ಕಡಿಮೆಯಾಗಿತ್ತು. ಭಾರ ಮಾತ್ರ ಹೆಚ್ಚಾಗಿತ್ತು. ಇದು ಹೇಗೆ ಎಂದು ಕುಶಲಾಳಿಗೆ ಅರ್ಥವಾಗಿರಲಿಲ್ಲ. ಸ್ಟ್ರೋಕ್ ಆಗಿ ಎಡಭಾಗ ಬಿದ್ದು ಎರಡು ವರ್ಷ. ಮಣಿಪಾಲದ ಆಸ್ಪತ್ರೆಯಿಂದ ಬಿಡುವಾಗ ಫಿಸಿಯೋದ ಹುಡುಗಿ ಎತ್ತುವ ಕ್ರಮ ಹೇಳಿಕೊಟ್ಟಿದ್ದಳು. ಗಂಡ ತಾರಾನಾಥ ನಂದಿಕೂರಿನ ಶಿಫ್ಟ್ ಕೆಲಸಕ್ಕೆ ಬೆಳಗ್ಗೆ ಐದಕ್ಕೇ ಹೊರಡುವವನು. ಹಾಗಾಗಿ ದಿನಕ್ಕೆ ನಾಲ್ಕು ಸಲ, ತಾನು ಪಾಠ ಮಾಡುವ ಶಾಲೆಗೆ ಹೊರಡುವ ಮೊದಲು ಎರಡು, ಬಂದ ಮೇಲೆ ಎರಡು, ಎತ್ತಿ ಇಳಿಸುವುದೆಲ್ಲ ಇವಳೇ. ಐವತ್ತು ದಾಟಿದ ತಾನು ಇಷ್ಟು ದೊಡ್ಡ ಆಳನ್ನು ಒಬ್ಬಳೇ ಎತ್ತುತ್ತೇನೆ ಎಂಬ ಸಣ್ಣ ಹೆಮ್ಮೆಯೂ ಅವಳಿಗಿತ್ತು. ಈಗ ಒಂದೇ ಸಲಕ್ಕೆ ಎತ್ತಲಾಗದಿರುವಾಗ ಆ ಹೆಮ್ಮೆಯನ್ನು ನೆನೆದರೆ ನಾಚಿಕೆಯಾಗುತ್ತಿತ್ತು.

ಕುರ್ಚಿಯನ್ನು ಹಾಲ್‌ಗೆ ತಳ್ಳಿಕೊಂಡು ಬಂದಳು. ಟಿವಿಯ ಮೇಲೆ ಮಗಳು ಮೋಕ್ಷಾ ಹೆಣೆದ ಕ್ರೋಶಾ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲಿ ಪಕ್ಕದ ಮನೆಯ ಡೆನಿಸ್ ಪೊರ್ಬುಗಳ ಹಸುರು ಪ್ಲಾಸ್ಟಿಕ್ ಕುರ್ಚಿ. ಮಾವ ಎರಡರ ಕಡೆಗೂ ನೋಡದೆ, ಕಿಟಕಿಯಾಚೆ ಕಣ್ಣು ನೆಟ್ಟರು. ಕಾಪುವಿನ ಆ ಬೆಳಗ್ಗೆ ಕಡಲಿನ ಗಾಳಿ ಸಹ ಇರಲಿಲ್ಲ.

ಮೂರು ವಾರದ ಹಿಂದಿನವರೆಗೆ ಈ ಹಾಲ್ ಹೀಗಿರಲಿಲ್ಲ.

ಚೆನ್ನಪ್ಪ ಮೂವತ್ತೈದು ವರ್ಷ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತವರು. ಕ್ರಿಸ್ತಿಯನ್ ಹಿರಿಯರಾದ್ದರಿಂದ ಊರಿಗೆಲ್ಲ ಪೊರ್ಬುಗಳಾದ ಡೆನಿಸ್ ಕುವೈತಿನಲ್ಲಿ ಕ್ರೇನ್ ನಡೆಸಿ ಬಂದವರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದು ಅಮೆರಿಕದ ರೆಸ್ಲಿಂಗ್. ಪೊರ್ಬುಗಳ ಮಗ ಜೋಯ್‌ಸ್ಟನ್ ಅಬುಧಾಬಿಯಿಂದ ರಜೆಗೆ ಬಂದಾಗ ಇವರ ಟಿವಿಗೆ ಏನೋ ಸಿಕ್ಕಿಸಿ, ಬೇಕೆಂದಾಗ ನೋಡುವ ಹಾಗೆ ಮಾಡಿಕೊಟ್ಟಿದ್ದ. ತಿಂಗಳಿಗೊಮ್ಮೆ ದೊಡ್ಡ ಆಟ. ಅಲ್ಲಿ ಶನಿವಾರ ರಾತ್ರಿ ನಡೆಯುವುದು ಇಲ್ಲಿ ಭಾನುವಾರ ಬೆಳಗ್ಗೆ ಐದೂವರೆಗೆ ಬರುತ್ತದೆ. ಆ ಹೊತ್ತಿಗೆ ಮಾವನದು ಸ್ನಾನ, ಮದ್ದು, ಪೊರ್ಬುಗಳಿಗೆ ಇಗರ್ಜಿಯ ಪೂಜೆ. ಹಾಗಾಗಿ ಸಂಜೆ ನಾಲ್ಕಕ್ಕೆ, ಅಷ್ಟರವರೆಗೆ ಯಾರೂ ಫಲಿತಾಂಶ ಹೇಳಬಾರದೆಂಬ ಕಟ್ಟಳೆಯೊಂದಿಗೆ, ಇಬ್ಬರೂ ಕೂರುವುದು.

"ಇದನ್ನು ನೋಡ್ಲಿಕ್ಕೆ ಅಮೆರಿಕದಲ್ಲಿ ಬೇರೆಯೇ ಹಣ ಕೊಡಬೇಕು ಗೊತ್ತುಂಟಾ? ಅದಕ್ಕೇ ಪೇ ಪರ್ ವ್ಯೂ ಅನ್ನುದು" ಎಂದು ಪೊರ್ಬುಗಳು ಹೇಳಿದರೆ, "ಹಾಗಾದರೆ ನಾವು ಅವರಿಗಿಂತ ಜೋರು ಬೊಬ್ಬೆ ಹೊಡೀಬೇಕು ಮಾರಾಯ್ರೇ, ಪುಕ್ಕಟೆ ನೋಡುದಲ್ವಾ" ಎಂದು ಮಾವ ಸೊಟ್ಟ ಬಾಯಲ್ಲೇ ನಗುತ್ತಿದ್ದರು.

ಆಟಗಾರರ ಇಂಗ್ಲಿಷ್ ಹೆಸರುಗಳು ಮಾವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವರೇ ಹೆಸರಿಟ್ಟರು. ಮೈತುಂಬ ಕೂದಲಿನ, ಕುಂಟುತ್ತ ಬರುವ ದಪ್ಪ ಮನುಷ್ಯ ಕರಡಿ. ಚಿನ್ನದ ಬಣ್ಣದ ಉದ್ದ ನಿಲುವಂಗಿ ಹಾಕಿ, ಬೆರಳು ಝಾಡಿಸಿಕೊಂಡು ಬರುವವನು ಸಾವ್ಕಾರ. ಕರಡಿ ಮಾವನವನು, ಸಾವ್ಕಾರ ಪೊರ್ಬುಗಳವನು. ಹನ್ನೊಂದು ವರ್ಷದ ಹಿಂದೆ ಸಾವ್ಕಾರ ಮಡಚುವ ಕುರ್ಚಿಯಲ್ಲಿ ಹೊಡೆದು ಕರಡಿಯ ಮೊಣಕಾಲು ಮುರಿದಿದ್ದನಂತೆ. ಅಂದಿನಿಂದ ಹಗೆ. ಒಂದು ಕಾಲದಲ್ಲಿ ಜೊತೆಯಾಗಿ ಆಡುತ್ತಿದ್ದು ಈಗ ಜುಟ್ಟು ಹಿಡಿದುಕೊಳ್ಳುವ ಇಬ್ಬರು ಹೆಂಗಸರದೂ ಒಂದು ಜಗಳವಿತ್ತು. ಅದನ್ನು ಕುಶಲಾ ಅಡುಗೆಮನೆಯ ಬಾಗಿಲಿಂದ ಆಗಾಗ ಇಣುಕಿ ನೋಡುತ್ತಿದ್ದಳು, ನೋಡಲಿಲ್ಲವೆಂಬ ಹಾಗೆ.

"ಇವತ್ತು ನಿಮ್ಮ ಸಾವ್ಕಾರ ಮಣ್ಣು ತಿಂತಾನೆ ಪೊರ್ಬುಗಳೇ. ಪ್ರೆಸಿಲ್ಲಾ ಬಾಯಮ್ಮನಿಗೆ ಹೇಳಿ, ರಾತ್ರಿಗೆ ಗಂಡನಿಗೆ ಗಂಜಿ ಸಾಕು ಅಂತ."

"ನಿಮ್ಮ ಕರಡಿಗೆ ನಿಲ್ಲಲಿಕ್ಕೆ ಕಾಲೇ ಇಲ್ಲ ಚೆನ್ನಪ್ಪಣ್ಣ. ಅದಕ್ಕೊಂದು ಗಾಲಿಕುರ್ಚಿ ತರಿಸಿ. ಬೇಕಾದರೆ ನಿಮ್ಮದೇ ಕೊಡಿ."

ಮನೆಯವರು ಯಾರೂ ಎತ್ತದ ಮಾತು ಅದು. ಪೊರ್ಬುಗಳು ಹೇಳಿದರೆ ಮಾವ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆಟಕ್ಕೆ ಕಾವು ಬಂದಾಗ, ಎರಡು ವರ್ಷದಿಂದ ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದ ಎಡಗೈ ಮೆಲ್ಲಗೆ ಮುಷ್ಟಿಯಾಗುತ್ತಿತ್ತು. ಹಿಸುಕಲಿಕ್ಕೆಂದು ಆಸ್ಪತ್ರೆಯವರು ಕೊಟ್ಟ ಹಳದಿ ಚೆಂಡು ಆಗ ಮಾತ್ರ ಆ ಕೈಯಲ್ಲಿ ನಿಲ್ಲುತ್ತಿತ್ತು.

ಆ ಭಾನುವಾರದ್ದು ಎಲ್ಲಕ್ಕಿಂತ ದೊಡ್ಡ ಆಟ. 'ಫೈನಲ್ ಬೆಲ್' ಎಂದು ಹೆಸರು. ಕರಡಿ ಮತ್ತು ಸಾವ್ಕಾರನ ಕೊನೆಯ ಜಗಳ. ಸೋತವನು ಇನ್ನು ಮುಂದೆ ಕಣಕ್ಕೆ ಇಳಿಯುವಂತಿಲ್ಲ. ತಿಂಗಳಿಡೀ ಇಬ್ಬರಿಗೂ ಅದೇ ಮಾತು. ಅದೇ ದಿನ ಸಂಜೆ ಐದಕ್ಕೆ ಮೋಕ್ಷಾಳನ್ನು ಕೇಳಿಕೊಂಡು ಶ್ರವಣನ ಮನೆಯವರು ಮಣಿಪಾಲದಿಂದ ಬರುವವರಿದ್ದರು. ಇಬ್ಬರೂ ಒಂದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದವರು, ಪರಸ್ಪರ ಒಪ್ಪಿದವರು. ಹಿರಿಯರು ಮನೆ ನೋಡುವುದೊಂದು ಬಾಕಿ. ಶ್ರವಣನ ತಾಯಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು ಎಂಬುದೇ ಕುಶಲಾಳ ಎದೆಯಲ್ಲಿ ಕೂತಿತ್ತು. ಪ್ರಾಥಮಿಕ ಶಾಲೆಯ ಟೀಚರ್ ಆದ ತಾನು ಅವರೆದುರು ಎಲ್ಲೂ ತಪ್ಪಬಾರದು.

ಐದಕ್ಕೆ ಎಂದವರು ನಾಲ್ಕೂ ಇಪ್ಪತ್ತಕ್ಕೇ ಬಂದರು.

ಕುಶಲಾಳ ಕೈ ಗೋಳಿಬಜೆಯ ಹಿಟ್ಟಿನಲ್ಲಿತ್ತು. ಕೈ ತೊಳೆದು ಓಡಿ ಬಂದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಮಾವ ಬಿಳಿ ಅಂಗಿ ಹಾಕಿ, ಲುಂಗಿ ಮೊಣಕಾಲಿನ ಮೇಲೆ ಸರಿದದ್ದು ತಿಳಿಯದೆ, ಟಿವಿಗೆ ಬಲಗೈ ಚಾಚಿ ಯಾರ್ಡಿನ ತುಳುವಿನಲ್ಲಿ ಸಾವ್ಕಾರನ ಹುಟ್ಟನ್ನೇ ಬೈಯುತ್ತಿದ್ದರು. ಪೊರ್ಬುಗಳು ತೊಡೆ ತಟ್ಟಿ ಕೂಗುತ್ತಿದ್ದರು. ಶ್ರವಣನ ತಾಯಿ ಕಾಲನ್ನು ಒಳಗಿಡಲೋ ಬೇಡವೋ ಎಂಬಂತೆ ನಿಂತದ್ದನ್ನು ಕುಶಲಾ ಕಂಡಳು.

ಮನೆಯಲ್ಲಿ ಅವರು ಆಡುವುದು, ಪೊರ್ಬುಗಳ ಹತ್ತಿರವೂ, ತುಳು. ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷದಲ್ಲಿ ಕುಶಲಾ ಮಾವನ ಹತ್ತಿರ ಬೇರೆ ಭಾಷೆಯಲ್ಲಿ ಮಾತಾಡಿದ್ದಿಲ್ಲ. ಅಂದು ಅವಳ ಬಾಯಿಂದ ಬಂದದ್ದು ಕನ್ನಡ. ಅದೂ ತರಗತಿಯ ಕನ್ನಡ, ಮೂರನೆಯ ಕ್ಲಾಸಿನ ಹಿಂದಿನ ಬೆಂಚಿಗೆ ಕೇಳುವ ಧ್ವನಿಯಲ್ಲಿ.

"ಮಾವ, ಇದೆಲ್ಲ ಸುಳ್ಳು ಕುಸ್ತಿ ಎಂದು ನಿಮಗೆ ಎಷ್ಟು ಸಲ ಹೇಳಬೇಕು? ಯಾರು ಗೆಲ್ಲುವುದು, ಯಾರು ಬೀಳುವುದು ಎಂದು ಮೊದಲೇ ಬರೆದಿಟ್ಟಿರುತ್ತಾರೆ. ನಿಮ್ಮ ಕರಡಿ ಬೆಳಗ್ಗೆಯೇ ಸೋತಾಗಿದೆ. ಅಕ್ಷಿತ್ ಸ್ಟೇಟಸ್ ಹಾಕಿದ್ದಾನೆ, ಬೇಕಾದರೆ ನೋಡಿ. ಸಣ್ಣ ಮಕ್ಕಳಿಗೂ ತಿಳಿಯುವ ವಿಷಯ ಇದು."

ಅಕ್ಷಿತ್ ಕಾರ್ಕಳದಲ್ಲಿರುವ ಮಾವನ ಮಗಳು ವಾರಿಜಕ್ಕನ ಮಗ. ಕುಶಲಾ ಫೋನನ್ನು ಮಾವನ ಮುಖದೆದುರು ಹಿಡಿದೂ ಬಿಟ್ಟಳು. ಎಷ್ಟು ಸಲ ಎಂದದ್ದು ಶುದ್ಧ ಸುಳ್ಳು. ಅದಕ್ಕೆ ಮೊದಲು ಒಂದು ಸಲವೂ ಅವಳು ಆ ಮಾತು ಹೇಳಿರಲಿಲ್ಲ.

"ಪರವಾಗಿಲ್ಲ ಬಿಡಿ. ವಯಸ್ಸಾದ ಮೇಲೆ ಮಕ್ಕಳ ಹಾಗೆಯೇ ಅಲ್ವಾ" ಎಂದು ಶ್ರವಣನ ತಾಯಿ ನಕ್ಕರು. ಕುಶಲಾಳೂ ನಕ್ಕಳು. ಮೋಕ್ಷಾ ನಗಲಿಲ್ಲ.

ಪೊರ್ಬುಗಳು ಟಿವಿ ಆರಿಸಿ, "ನಾನು ಬರ್ತೇನೆ" ಎಂದು ಅವರೂ ಕನ್ನಡದಲ್ಲೇ ಹೇಳಿ ಹೊರಟುಹೋದರು. ತಾವು ತಂದ ಕುರ್ಚಿಯನ್ನು ಮರೆತರು. ಮಾವ ಬಂದವರ ಕಡೆ ತಿರುಗಿ ಬಲಗೈಯನ್ನು ಎದೆಯ ತನಕ ಎತ್ತಿದರು. ಒಂದು ಕೈಯಲ್ಲಿ ಮಾಡಬಹುದಾದ ನಮಸ್ಕಾರ ಅಷ್ಟೇ. ಆಮೇಲೆ ಅದೇ ಕೈಯಿಂದ ಲುಂಗಿಯನ್ನು ಸ್ವಲ್ಪಸ್ವಲ್ಪವೇ ಎಳೆದು ಮೊಣಕಾಲು ಮುಚ್ಚಿಕೊಂಡರು. ಮುಷ್ಟಿಯಾಗಿದ್ದ ಎಡಗೈ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು. ಹಳದಿ ಚೆಂಡು ಮಾವನ ಕೋಣೆಯೊಳಗೆ ಉರುಳಿಹೋಯಿತು.

ಆ ಲುಂಗಿ ಎಳೆದುಕೊಂಡದ್ದು ಕುಶಲಾಳ ಕಣ್ಣಿಂದ ಹೋಗಲೊಲ್ಲದು. ಕಪ್ಪುಹಲಗೆಯ ಮೇಲೆ ಬರೆಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಆ ಕೈ ಕಾಣುತ್ತಿತ್ತು. ಮೊನ್ನೆ ಸ್ಟಾಫ್ ರೂಮಿನಲ್ಲಿ ಹೆಡ್‌ಮೇಡಂ ಹೊಸ ಟೀಚರೊಬ್ಬಳಿಗೆ, "ಸೊಸೆ ಅಂದರೆ ನಮ್ಮ ಕುಶಲಾ ಟೀಚರ್. ಎರಡು ವರ್ಷದಿಂದ ಮಾವನನ್ನು ಮಗುವಿನ ಹಾಗೆ ನೋಡಿಕೊಳ್ತಾ ಇದ್ದಾರೆ" ಎಂದರು. ಮಗುವಿನ ಹಾಗೆ. ಕುಶಲಾ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು, ಬೆಲ್ ಆಗುವ ಮೊದಲೇ ಕ್ಲಾಸಿಗೆ ನಡೆದಿದ್ದಳು.

ನಾಚಿಕೆ ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಶ್ರವಣನ ಮನೆಯವರು ಒಪ್ಪಿದರು. ಮದುವೆಯ ದಿನ ಗೊತ್ತುಮಾಡಲು ಈ ಭಾನುವಾರ ಸಂಜೆ ನಾಲ್ಕಕ್ಕೆ ಮತ್ತೆ ಬರುತ್ತೇವೆಂದರು. ಅದನ್ನು ಕೇಳಿದ ದಿನ ಕುಶಲಾಳೇ ಗಂಡನಿಗೆ ಹೇಳಿದ್ದಳು: "ಮಾವ ಒಂದು ವಾರ ವಾರಿಜಕ್ಕನ ಮನೆಯಲ್ಲಿ ಇದ್ದರೆ ಹೇಗೆ? ಅವರಿಗೂ ಒಂದು ಬದಲಾವಣೆ."

ಬರುವವರಿಗೆ ಅಪ್ಪ ಕಾಣಬಾರದೆಂದೇ ಈ ಮಾತು. ತಾರಾನಾಥನಿಗೆ ಅದು ಅರ್ಥವಾಗಿತ್ತು. "ಅದೂ ಹೌದು" ಎಂದ.

ಶನಿವಾರ ಬೆಳಗ್ಗೆ ಹತ್ತಕ್ಕೆ ಕಾರ್ಕಳಕ್ಕೆ ಕಾರು ಗೊತ್ತಾಯಿತು. ಮಾವನಿಗೆ ಹೇಳಿದಾಗ ಅವರು ಯಾಕೆಂದು ಕೇಳಲಿಲ್ಲ. "ಎಲ್ಲಿ ಇಳಿಸಿದರೂ ಆಯ್ತು" ಎಂದರು. ಮೂಟೆಯ ಬಗ್ಗೆ ಹೇಳುವ ಮಾತು ಅದು.

ಇವತ್ತು ಶುಕ್ರವಾರ. ಸಂಜೆ ಶಾಲೆಯಿಂದ ಬಂದವಳು ಹಾಲ್ ಗುಡಿಸಿದಳು. ನಾಡಿದ್ದು ಬರುವವರಿಗೆ ಈ ಹಸುರು ಕುರ್ಚಿ ಕಾಣುವುದು ಬೇಡ ಎನಿಸಿ, ಅದನ್ನೆತ್ತಿಕೊಂಡು ಬೇಲಿಯ ಸಂದಿನಿಂದ ಪೊರ್ಬುಗಳ ಹಿತ್ತಲಿಗೆ ಹೋದಳು. ಡೆನಿಸ್ ಪೊರ್ಬುಗಳು ಕಲ್ಲಿನ ಮೇಲೆ ಕೂತು ಬಂಗುಡೆ ಮೀನು ಶುಚಿ ಮಾಡುತ್ತಿದ್ದರು. ಎರಡು ಬೆಕ್ಕುಗಳು ಎದುರು ಕೂತಿದ್ದವು.

"ಅಲ್ಲೇ ಇಡು" ಎಂದರು ತಲೆಯೆತ್ತದೆ. "ಅದಕ್ಕೊಂದು ಕಾಲು ಸೊಟ್ಟ ಉಂಟು. ನಿಮ್ಮ ನೆಲಕ್ಕೆ ಮಾತ್ರ ಸರಿಯಾಗ್ತಿತ್ತು."

ಕುಶಲಾ ಕುರ್ಚಿ ಇಟ್ಟಳು. ಹೋಗಲಿಲ್ಲ.

"ಪೊರ್ಬುಗಳೇ, ನೀವು ಮತ್ತೆ ಬರಲೇ ಇಲ್ಲ."

"ಎಂತಕ್ಕೆ ಬರುದು? ಚೆನ್ನಪ್ಪಣ್ಣ ಮಾತಾಡುದಿಲ್ಲ. ನಾನು ಒಬ್ಬನೇ ಬೊಬ್ಬೆ ಹೊಡೆದರೆ ಪ್ರೆಸಿಲ್ಲಾ ನನ್ನನ್ನೂ ಮಣಿಪಾಲಕ್ಕೆ ಸೇರಿಸ್ತಾಳೆ."

ಅವಳಿಗೆ ನಗು ಬರಲಿಲ್ಲ. "ತಪ್ಪು ನನ್ನದೇ. ಅವರು ಅದನ್ನೆಲ್ಲ ನಿಜ ಅಂತ ನಂಬಿದ್ದರು. ಇರುವ ಒಂದು ಸಂತೋಷ ನಾನು..."

ಪೊರ್ಬುಗಳು ಈಗ ತಲೆಯೆತ್ತಿದರು. "ಯಾರು ನಂಬಿದ್ದು? ಚೆನ್ನಪ್ಪಣ್ಣನಾ?" ಎಂದು ಚೂರಿಯನ್ನು ಕೆಳಗಿಟ್ಟರು. "ಅಲ್ಲ ಮಾರಾಯ್ತಿ, ಮೂವತ್ತೈದು ವರ್ಷ ಮೂಟೆ ಎತ್ತಿದ ಮನುಷ್ಯನಿಗೆ ಯಾರು ನಿಜಕ್ಕೂ ಎತ್ತುದು, ಯಾರು ಎತ್ತಿದ ಹಾಗೆ ಮಾಡುದು ಅಂತ ಗೊತ್ತಾಗುದಿಲ್ವಾ? ಕುವೈತಿನಲ್ಲಿ ಇಪ್ಪತ್ತು ವರ್ಷ ಅದನ್ನು ನಿಜ ಅಂತ ನೋಡಿದ ಪೆದ್ದ ನಾನು. ಮೊದಲನೇ ದಿನವೇ ನನಗೆ ಹೇಳಿಕೊಟ್ಟದ್ದು ಅವರು."

"ಎಂತ ಹೇಳಿದ್ದು?"

"ಎತ್ತುವವನನ್ನು ನೋಡ್ಬೇಡಿ ಪೊರ್ಬುಗಳೇ, ಎತ್ತಿಸಿಕೊಳ್ಳುವವನನ್ನು ನೋಡಿ ಅಂತ. ಅವನು ಸಣ್ಣಕ್ಕೆ ಹಾರಿ ಕೊಡಬೇಕಂತೆ. ಮೈ ಬಿಗಿ ಹಿಡಿದು, ಸರಿಯಾದ ಹೊತ್ತಿಗೆ ಕಾಲು ಒತ್ತಿ, ತನ್ನ ಭಾರ ತಾನೇ ಅರ್ಧ ಎತ್ತಿಕೊಳ್ಳಬೇಕು, ಭಾರ ಕೊಡುದು ಅಂದರೆ ಅದೇ. ಇಲ್ಲದಿದ್ದರೆ ಯಾವ ಭೀಮನಿಂದಲೂ ಆಗುದಿಲ್ಲ. ಕಷ್ಟದ ಕೆಲಸ ಅವನದ್ದೇ, ಹೆಸರು ಮಾತ್ರ ಎತ್ತಿದವನಿಗೆ ಅಂತ ನಗ್ತಿದ್ದರು."

ಕುಶಲಾ ತನ್ನ ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

"ಸೋಲು ಗೆಲುವು ಸಹ ಗೊತ್ತಿರ್ತಿತ್ತು ಅವರಿಗೆ. ನಾನು ಇಗರ್ಜಿಯಿಂದ ಬಂದವನೇ ನಿಮ್ಮ ಕಿಟಕಿಯ ಹತ್ತಿರ ನಿಂತು ಹೇಳ್ತಿದ್ದೆ. ಮತ್ತೆ ಸಂಜೆ ಇಬ್ಬರೂ ಗೊತ್ತಿಲ್ಲದವರ ಹಾಗೆ ಕೂರುದು. ಯಕ್ಷಗಾನಕ್ಕೆ ಹೋಗುವವರಿಗೆ ಕಥೆ ಗೊತ್ತಿಲ್ವಾ? ಬೊಬ್ಬೆ ಹೊಡೆದರೆ ಎಡಗೈ ತನ್ನಿಂದ ತಾನೇ ಮಡಚ್ತದೆ ಅಂತ ಅವರೇ ಕಂಡುಹಿಡಿದದ್ದು. ಸುಮ್ಮನೆ ಚೆಂಡು ಹಿಡಿದರೆ ಬರುದಿಲ್ಲವಂತೆ. ನನಗೆ ಹೇಳಿದ್ದರು, ಪೊರ್ಬುಗಳೇ, ಸಿಟ್ಟು ಬರುವ ಹಾಗೆ ಬೈಯಿರಿ ನನ್ನನ್ನು ಅಂತ."

ಒಂದು ಬೆಕ್ಕು ಮುಂದೆ ಬಂತು. ಪೊರ್ಬುಗಳು ಅದಕ್ಕೊಂದು ತಲೆ ಎಸೆದರು.

"ಆ ದಿನ ಕರಡಿ ಸೋಲ್ತಾನೆ ಅಂತ ಒಂಬತ್ತು ಗಂಟೆಗೇ ಹೇಳಿದ್ದೆ. ಸೋತ ಮೇಲೆ ಸಾವ್ಕಾರ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಕಣದ ಸುತ್ತ ಒಂದು ಸುತ್ತು ಬರ್ತಾನೆ. ಹನ್ನೊಂದು ವರ್ಷದ ವೈರಿ. ಅಲ್ಲಿಯ ಜನ ಎಲ್ಲ ಎದ್ದು ನಿಂತು ಅತ್ತರು. ಅದನ್ನು ಕೇಳಿ ಚೆನ್ನಪ್ಪಣ್ಣ ಎಂತ ಹೇಳಿದ್ರು ಗೊತ್ತುಂಟಾ? ಆ ಕುಂಟು ಕಾಲಿನಲ್ಲಿ ಕರಡಿ ಭಾರ ಕೊಡುದು ಹೇಗೆ ಅಂತ ನೋಡ್ಬೇಕು ಪೊರ್ಬುಗಳೇ, ಅದನ್ನೊಂದು ನೋಡ್ಬೇಕು. ಒಳ್ಳೆ ಅಂಗಿ ಹಾಕಿಸಿಕೊಂಡು ಕೂತದ್ದು ಅದಕ್ಕೇ. ನಿಮ್ಮ ನೆಂಟರು ಬರುವ ಮೊದಲು ಮುಗಿಸುವ ಅಂತ ಉಳಿದ ಆಟ ಎಲ್ಲ ಬಿಟ್ಟು ನೇರ ಅದನ್ನೇ ಹಾಕಿದೆವು. ಹತ್ತು ನಿಮಿಷ ಇತ್ತು ಅಷ್ಟೆ."

"ಈಗಲೂ ಅದು ಸಿಗ್ತದಾ, ಟಿವಿಯಲ್ಲಿ?"

"ಸಿಗದೆ ಎಂತ. ಅಲ್ಲೇ ಉಂಟು. ಅವರಿಗೆ ಬೇಡ." ಪೊರ್ಬುಗಳು ಮತ್ತೆ ಚೂರಿ ಎತ್ತಿಕೊಂಡರು. ಬಂಗುಡೆಗೆ ಹೇಳುವವರ ಹಾಗೆ, "ನೀನು ಅವರ ಹತ್ತಿರ ಕನ್ನಡದಲ್ಲಿ ಮಾತಾಡಿದೆ ಅಲ್ವಾ ಆ ದಿನ" ಎಂದರು. ಇನ್ನೊಂದು ಮೀನಿನ ಹೊಟ್ಟೆ ಸೀಳಿದರು.

ಕುಶಲಾ ಬೇಲಿ ದಾಟಿ ಬಂದಳು. ಪೆದ್ದನ ನಂಬಿಕೆ ಒಡೆದೆ ಎಂದು ಮೂರು ವಾರ ಒಳಗೊಳಗೆ ಬೆಂದದ್ದೇ ಒಂದು ಅಹಂಕಾರ ಎಂಬುದು ಬಚ್ಚಲಿನಲ್ಲಿ ಕಾಲು ತೊಳೆಯುವಾಗ ಅವಳಿಗೆ ಹೊಳೆಯಿತು. ಅವರು ಪೆದ್ದರಾಗಿರಲಿಲ್ಲ. ತಾನೂ ಅವರ ಬಗ್ಗೆ ಮರುಕಪಡುವ ಜಾಗದಲ್ಲಿ ಇರಲಿಲ್ಲ.

ಏಳು ಗಂಟೆಗೆ ಮಾವನನ್ನು ಕುರ್ಚಿಯಿಂದ ಮಂಚಕ್ಕೆ ಹಾಕಬೇಕಿತ್ತು. ಕಂಕುಳಡಿ ಕೈ ತೂರಿಸಿ ಬಗ್ಗಿದಾಗ ಅವಳ ಕಣ್ಣು ಅವರ ಬಲಗಾಲಿಗೆ ಹೋಯಿತು. ಮೊದಲು ಆ ಪಾದ ಹೀಗಿರುತ್ತಿರಲಿಲ್ಲ. ಇವಳು "ಎರಡು" ಎನ್ನುವಾಗಲೇ ಅದು ಒಂದು ಗೇಣು ಹಿಂದೆ ಸರಿಯುತ್ತಿತ್ತು. ಹೆಬ್ಬೆರಳು ನೆಲಕ್ಕೆ ಊರಿಕೊಳ್ಳುತ್ತಿತ್ತು. "ಮೂರು" ಎನ್ನುವಾಗ ಅವರ ಗಲ್ಲ ಇವಳ ಹೆಗಲಿಗೆ ಬಂದು ಕೂತು ಬೆನ್ನು ಬಿಗಿಯಾಗುತ್ತಿತ್ತು. ಎರಡು ವರ್ಷ, ದಿನಕ್ಕೆ ನಾಲ್ಕು ಸಲ. ಎತ್ತಿದ್ದು ತಾನೊಬ್ಬಳೇ ಎಂದು ತಿಳಿದಿದ್ದಳು. ಈಗ ಆ ಪಾದ ಕುರ್ಚಿಯ ಕಾಲುಹಲಗೆಯ ಮೇಲೆ ಮುಂದಕ್ಕೆ ಚಾಚಿಕೊಂಡು ಬಿದ್ದಿತ್ತು, ಯಾರದೋ ಬಿಟ್ಟುಹೋದ ಚಪ್ಪಲಿಯ ಹಾಗೆ.

"ಮಾವ" ಎಂದಳು. ಹಿರಿಯರಿಗೆ ತಪ್ಪಾಯಿತು ಎಂದು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದೂ ಅಲ್ಲದೆ, ಹೇಳಿದ್ದು ನಾಲ್ಕು ಜನರೆದುರು. ಈಗ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವರ ಕಿವಿಯಲ್ಲಿ ಉಸುರಿ ಕೈ ತೊಳೆದುಕೊಳ್ಳುವುದೇ? ಅವಳು ಹಲ್ಲು ಕಚ್ಚಿ ಒಬ್ಬಳೇ ಎತ್ತಿದಳು. ಭಾರ ಪೂರ್ತಿ ಅವಳ ಸೊಂಟಕ್ಕೆ ಬಂತು. ಬರಲಿ ಎನಿಸಿತು.

ತಾರಾನಾಥನ ಫೋನು ಬಂತು. "ಓವರ್‌ಟೈಮ್ ಉಂಟು, ಬರುವಾಗ ತಡ ಆಗ್ತದೆ. ಅಪ್ಪನ ಬ್ಯಾಗ್ ತುಂಬಿಸಿದೆಯಾ?"

"ಆಗ್ತಾ ಉಂಟು."

ಕಪಾಟಿನ ಮೇಲಿಂದ ಬ್ಯಾಗ್ ಇಳಿಸಿದಳು. ಎರಡು ಲುಂಗಿ, ಟವೆಲ್, ಮದ್ದಿನ ಡಬ್ಬಿ, ದಪ್ಪದ ಹೊದಿಕೆ. ಕಾರ್ಕಳದಲ್ಲಿ ಬೆಳಗ್ಗೆ ಚಳಿ ಎಂದು ಕೈ ತಾನಾಗಿಯೇ ಸ್ವೆಟರ್ ಹುಡುಕಿತು. ಅದರಡಿಯಲ್ಲಿ ಆ ಬಿಳಿ ಅಂಗಿ ಸಿಕ್ಕಿತು. ಒಂದೇ ಸಲ ಹಾಕಿದ್ದು, ಒಗೆದು ಇಟ್ಟದ್ದು. ಅಂದು ಮಾವ ತಾವಾಗಿಯೇ ಅದನ್ನು ಕೇಳಿದಾಗ, ನೆಂಟರು ಬರುತ್ತಾರೆಂದು ಕೇಳುತ್ತಿದ್ದಾರೆ ಎಂದು ಅವಳಿಗೆ ಖುಷಿಯಾಗಿತ್ತು. ಎಡತೋಳನ್ನು ತೂರಿಸುವಾಗ ಅವರು ಅವಸರ ಮಾಡಿದ್ದರು. "ಬೇಗ ಬೇಗ, ಕರಡಿ ಕಾಯ್ತಾನೆ" ಎಂದಿದ್ದರು. ಅವಳು ಅದನ್ನು ಕೇಳಿಸಿಕೊಂಡಿರಲೇ ಇಲ್ಲ.

ಅಂಗಿಯನ್ನು ತೊಡೆಯ ಮೇಲೆ ಹರಡಿ ಸುಕ್ಕು ತೀಡಿದಳು. ಆಮೇಲೆ ಬ್ಯಾಗಿನಲ್ಲಿದ್ದುದನ್ನು ಒಂದೊಂದಾಗಿ ಹೊರಗೆ ತೆಗೆದಳು. ಲುಂಗಿಗಳು ಕಪಾಟಿಗೆ ಹೋದವು. ಮದ್ದಿನ ಡಬ್ಬಿ ಮಂಚದ ತಲೆದೆಸೆಗೆ ಹೋಯಿತು.

ನಾಳೆ ಹತ್ತಕ್ಕೆ ಕಾರು ಬಂದರೆ ಹಾಗೆಯೇ ತಿರುಗಿ ಹೋಗಲಿ. ನಾಡಿದ್ದು ನಾಲ್ಕಕ್ಕೆ ಮಾವ ಈ ಅಂಗಿ ಹಾಕಿ ಹಾಲ್‌ನ ನಡುವೆ ಕೂತಿರಬೇಕು, ಪಕ್ಕದಲ್ಲಿ ಪೊರ್ಬುಗಳ ಸೊಟ್ಟ ಕಾಲಿನ ಕುರ್ಚಿ. ಬಂದವರಿಗೆ ಬೆಂಚು ಉಂಟು. ಅವರ ಕೈಗೆ ಗೋಳಿಬಜೆ ಕೊಟ್ಟು, ಅವರೆದುರೇ ಆ ಆಟ ಹಾಕಬೇಕು. ಸಾವ್ಕಾರ ಕರಡಿಯನ್ನು ಎತ್ತುವಾಗ ನೆಲದ ಮೇಲೆ ಮಾವನ ಕಾಲಬುಡದಲ್ಲಿ ಕೂತು, ತುಳುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಬೇಕು: ಮಾವ, ನಾನು ಆ ದಿನ ಗೊತ್ತಿಲ್ಲದೆ ಬಾಯಿ ಹಾಕಿದೆ, ಇವನು ಭಾರ ಕೊಡುವುದು ಹೇಗೆ, ನನಗೊಂದು ಹೇಳಿಕೊಡಿ. ಮಾವ ಉತ್ತರ ಕೊಡದೆ ಗೋಡೆಯ ಕಡೆ ನೋಡಿದರೆ ಅದನ್ನೂ ಅವರೆದುರೇ ಅನುಭವಿಸಬೇಕು. ಶ್ರವಣನ ತಾಯಿ ಏನೆಂದುಕೊಳ್ಳುತ್ತಾರೋ. ಮೋಕ್ಷಾಳ ದಿನ ಮುಂದೆ ಹೋದೀತೋ. ಆದರೂ ಬ್ಯಾಗನ್ನು ಮಡಚಿ ಕಪಾಟಿನ ಮೇಲಿಟ್ಟಳು.

ಮಾವನ ಮಂಚದಡಿ ಬಗ್ಗಿ, ಗೋಡೆಯ ಬದಿಗೆ ಉರುಳಿದ್ದ ಹಳದಿ ಚೆಂಡನ್ನು ಎಳೆದುಕೊಂಡಳು. ಧೂಳು ಮೆತ್ತಿತ್ತು. ಬಚ್ಚಲಿಗೆ ಒಯ್ದು ಸಾಬೂನು ಹಚ್ಚಿ ತೊಳೆಯುತ್ತಿದ್ದಾಗ ಮೋಕ್ಷಾ ಬಾಗಿಲಲ್ಲಿ ಬಂದು ನಿಂತಳು.

"ಎಂತ ಮಾಡ್ತಿದ್ದೀಯ ಅಮ್ಮ?"

"ಎಂತ ಇಲ್ಲ" ಎಂದಳು ಕುಶಲಾ. ಚೆಂಡನ್ನು ಸೆರಗಿನಲ್ಲಿ ಒರೆಸಿ, ಮಾವನ ಎಡಗೈಯ ಪಕ್ಕ, ಹಾಸಿಗೆಯ ಮಡಿಕೆಯಲ್ಲಿ ಉರುಳದ ಹಾಗೆ ಇಟ್ಟು, ದೀಪ ಸಣ್ಣ ಮಾಡಿದಳು.